ಮುಖ್ಯ ಅತಿಥಿಗಳು ಬಿದ್ದ ಪ್ರಸಂಗ

ತಂಬ್ರಹಳ್ಳಿಯ ಗುರುಸಂಗಪ್ಪನವರಿಗೂ ದಣಿವಾಗುತ್ತದೆ ಎಂಬ ಮಾತನ್ನು ಹಗರಿಬೊಮ್ಮನಹಳ್ಳಿ, ಕೊಟ್ಟೂರು, ಕೂಡ್ಲಿಗಿ, ಹಡಗಲಿ, ಹರಪನಹಳ್ಳಿಗಳ ಪೈಕಿ ಯಾವ ತಾಲೂಕಿನವರೂ ನಂಬುತ್ತಿರಲಿಲ್ಲ. ನಂಬಿದ್ದರೆ ಈ ಕಥೆಯೇ ಹುಟ್ಟುತ್ತಿರಲಿಲ್ಲ. ಅವರು ಮಧ್ಯಾಹ್ನ ರೊಟ್ಟಿ ಉಂಡು ತಮ್ಮ ಹೊಲದ ಬೇವಿನ ಮರದ ಕೆಳಗೆ ಒರಗಿಬಿಡುತ್ತಿದ್ದರು, ನಾವೂ ನಮ್ಮ ನಮ್ಮ ಕೆಲಸ ನೋಡಿಕೊಂಡು ಸುಖವಾಗಿರುತ್ತಿದ್ದೆವು.

ಅವರು ಮೂಲತಃ ಉಳ್ಳಾಗಡ್ಡಿ, ಶೇಂಗಾ ಬೆಳೆಯುವ ರೈತರು. ಪ್ರಾಯದಲ್ಲಿ ಕಬಡ್ಡಿ ಆಡುತ್ತಿದ್ದರು. ಎದುರು ತಂಡದವನು ಪಾದ ಹಿಡಿಯಲು ಬಗ್ಗಿದರೆ ಸಾಕು, ಎಡಗಾಲೂರಿ ಬಲಗಾಲು ಝಾಡಿಸಿ ಅವನ ತಲೆಯ ಮೇಲಿಂದಲೇ ಹಾರಿ ಗೆರೆ ಮುಟ್ಟುತ್ತಿದ್ದರು. ಅದಕ್ಕೆ 'ಸಂಗಪ್ಪನ ಜಿಗಿತ' ಎಂದೇ ಹೆಸರು ಬಿದ್ದಿತ್ತು. ಆ ಜಿಗಿತ ನೋಡಿದ ಜನ ಅವರನ್ನು ಗ್ರಾಮ ಪಂಚಾಯ್ತಿಗೆ ಕಳಿಸಿದರು, ಆಮೇಲೆ ಜಿಲ್ಲಾ ಪಂಚಾಯ್ತಿಗೂ ಕಳಿಸಿದರು. ಅಲ್ಲಿ ಅವಧಿ ಮುಗಿದು ವರ್ಷಗಳೇ ಆದವು. ಮುಂದಿನ ಚುನಾವಣೆ ಇವತ್ತು ನಾಳೆ ಎನ್ನುತ್ತಲೇ ಇದೆ. ಹೊಸ ಸದಸ್ಯ ಹುಟ್ಟದೆ ಹಳಬ ಮಾಜಿಯಾಗುವುದು ಹೇಗೆ? ಹಾಗಾಗಿ ಗುದ್ದಲಿ ಪೂಜೆ, ಗೃಹಪ್ರವೇಶ, ನಾಮಕರಣ, ಎಮ್ಮೆ ಕಳೆದ ಪಂಚಾಯ್ತಿ, ಎಲ್ಲಕ್ಕೂ ಅವರೇ ಬೇಕಿತ್ತು.

ಎಲ್ಲಕ್ಕಿಂತ ಹೆಚ್ಚಾಗಿ ಕಬಡ್ಡಿ ಪಂದ್ಯಾವಳಿಗಳಿಗೆ ಬೇಕಿತ್ತು. ಈ ಕಡೆ ಕಬಡ್ಡಿ ಉದ್ಘಾಟನೆಯೆಂದರೆ ದೀಪ ಹಚ್ಚಿ ಕೈ ತೊಳೆದುಕೊಳ್ಳುವ ಕೆಲಸವಲ್ಲ. ಮುಖ್ಯ ಅತಿಥಿಗಳು ಪೇಟ, ಶಾಲು, ಚೆಂಡು ಹೂವಿನ ಹಾರ ಸಮೇತ ಅಂಕಣಕ್ಕಿಳಿದು 'ಕಬಡ್ಡಿ ಕಬಡ್ಡಿ' ಎನ್ನುತ್ತ ಮೊದಲ ರೈಡ್ ಮಾಡಬೇಕು. ಎದುರು ತಂಡದವರು ತಾವಾಗಿಯೇ ಕೈ ಚಾಚಿ ಮುಟ್ಟಿಸಿಕೊಂಡು ಔಟಾಗಿ ಹೊರಗೆ ನಡೆಯಬೇಕು. ಅದು ಮರ್ಯಾದೆ. ಗುರುಸಂಗಪ್ಪನವರಿಗೆ ಮೊದಮೊದಲು ಇದು ಮರ್ಯಾದೆಯೆಂದು ನೆನಪಿರುತ್ತಿತ್ತು. ಬರಬರುತ್ತ ಮರೆಯಿತು. ಅರವತ್ತರ ಹೊಸ್ತಿಲಲ್ಲಿ ನಿಂತು, "ಇವತ್ತಿಗೂ ನನ್ನನ್ನ ಹಿಡಿಯೋ ಗಂಡಸು ಈ ಸೀಮ್ಯಾಗ ಹುಟ್ಟಿಲ್ಲ" ಎಂದು ಮೈಕಿನಲ್ಲಿ ಹೇಳತೊಡಗಿದರು. ಜನ ಚಪ್ಪಾಳೆ ತಟ್ಟಿದರು. ಚಪ್ಪಾಳೆ ತಟ್ಟುವುದಕ್ಕೆ ಜನರಿಗೇನು ಖರ್ಚು?

ಆ ಭಾನುವಾರ ಉಜ್ಜಿನಿಯಲ್ಲಿ ಪಂದ್ಯಾವಳಿ. ಬೆಳಿಗ್ಗೆ ಹಡಗಲಿ ಕಡೆ ಗೃಹಪ್ರವೇಶ, ಅಲ್ಲಿ ಉಪ್ಪಿಟ್ಟು. ಆಮೇಲೆ ಕೂಡ್ಲಿಗಿ ಕಡೆ ಗುದ್ದಲಿ ಪೂಜೆ, ಅಲ್ಲೂ ಉಪ್ಪಿಟ್ಟು. ಇಷ್ಟು ಮುಗಿಸಿ ಗುರುಸಂಗಪ್ಪನವರು ಉಜ್ಜಿನಿ ಮೈದಾನದಲ್ಲಿ ಇಳಿದಾಗ ಅವರ ಕಣ್ಣು ತಾನಾಗಿ ಮುಚ್ಚುತ್ತಿತ್ತು. ಪಂದ್ಯಾವಳಿ ಸಮಿತಿಯ ಅಧ್ಯಕ್ಷ ಬಂಗಾರಪ್ಪ ಕಾರಿನ ಬಾಗಿಲಲ್ಲೇ ಹಾರ ಹಾಕಿದ. ಮುಂದಿನ ಚುನಾವಣೆಯ ಮೇಲೆ ಕಣ್ಣಿಟ್ಟವನು ಅವನು. ಯಾರ ಪಕ್ಕ ನಿಂತರೆ ಫೋಟೋದಲ್ಲಿ ಬರುತ್ತೇನೆ ಎಂಬುದೊಂದೇ ಅವನ ಧ್ಯಾನ.

"ಸಾಹೇಬ್ರ, ಊಟ ಆಮ್ಯಾಲ ಮಾಡೋಣಂತ. ಮೊದ್ಲು ಉಪ್ಪಿಟ್ಟು ತಗೋರಿ," ಎಂದ ಬಂಗಾರಪ್ಪ.

"ಬ್ಯಾಡಪಾ, ಮೊದ್ಲು ರೈಡ್ ಮಾಡಿ ಮುಗಿಸಿಬಿಡ್ತೀನಿ. ಮನಿಗೆ ಹೋಗಿ ಅಡ್ಡಾಗಬೇಕು."

"ಅಡ್ಡಾಗೋದಾ! ನೀವಾ!" ಎಂದು ಬಂಗಾರಪ್ಪ ನಕ್ಕ. ಸುತ್ತ ಇದ್ದವರೂ ನಕ್ಕರು.

ಅಂಪೈರ್ ಆಗಿ ಸೀಟಿ ಹಿಡಿದು ನಿಂತವನು ಜಮಾಲುದ್ದೀನ. ಹಗರಿಬೊಮ್ಮನಹಳ್ಳಿಯಲ್ಲಿ ಪಂಪ್‌ಸೆಟ್ ಮೋಟಾರು ರಿಪೇರಿ ಮಾಡುವವನು, ಹಿಂದೆ ಗುರುಸಂಗಪ್ಪನವರ ಜೊತೆ ಒಂದೇ ತಂಡದಲ್ಲಿ ಆಡಿದವನು. ಅವರನ್ನು 'ಲೇ' ಎನ್ನುವ ಅಧಿಕಾರ ಈ ಭೂಮಿಯ ಮೇಲೆ ಅವನೊಬ್ಬನಿಗೇ ಇತ್ತು. "ಲೇ ಸಂಗ್ಯಾ, ಹಗೂರಕ ಹೋಗಿ ಮುಟ್ಟಿ ಬಾ. ಕುಣೀಬ್ಯಾಡ," ಎಂದು ಕಿವಿಯಲ್ಲಿ ಹೇಳಿ ಸೀಟಿ ಊದಿದ.

ಅಂಕಣದ ಆ ಕಡೆ ತೆಲಿಗಿ ತಂಡ. ಅದರ ನಾಯಕ ಗವಿಸಿದ್ದೇಶ್, ಗುರುಸಂಗಪ್ಪನವರಿಗೆ ಬೇಕಾದ ಹುಡುಗ. ಅವರ ಹೆಂಡತಿ ಸುಮಲತಾರ ತಮ್ಮ ಓಬಳೇಶಪ್ಪನಿಗೆ ಸುಕನ್ಯಾ ಎಂಬ ಮಗಳು. ಆ ಸುಕನ್ಯಾಳಿಗೂ ಈ ಹುಡುಗನಿಗೂ ಮಾತಾಗಿ, ಮುಂದಿನ ವಾರದ ಸೋಮವಾರ ನಿಶ್ಚಿತಾರ್ಥವೆಂದು ಗೊತ್ತಾಗಿತ್ತು. "ಹಿರೇರು ಎಲ್ಲಿ ಕಂಡ್ರೂ ಕಾಲಿಗೆ ಬೀಳಪಾ" ಎಂದು ತಾಯಿ ಬುದ್ಧಿ ಹೇಳಿ ಕಳಿಸಿದ್ದಳು. ಹುಡುಗ ಬಹಳ ವಿಧೇಯ. ಎಲ್ಲಿ ಎಂದರೆ ಎಲ್ಲಿಯೂ ಎಂದೇ ಅರ್ಥ ಮಾಡಿಕೊಂಡಿದ್ದ.

ಗುರುಸಂಗಪ್ಪನವರು ನಿದ್ದೆಗಣ್ಣಿನಲ್ಲಿ 'ಕಬಡ್ಡಿ ಕಬಡ್ಡಿ' ಎನ್ನುತ್ತ ಗೆರೆ ದಾಟಿದರು. ಮಾವನವರು ತಮ್ಮ ಅಂಕಣಕ್ಕೇ ದಯಮಾಡಿಸಿದ್ದನ್ನು ಕಂಡ ಗವಿಸಿದ್ದೇಶ್ ಮುಂದೆ ಬಂದು, ನಮಸ್ಕಾರ ಮಾಡಲು ಅವರ ಪಾದದತ್ತ ಬಗ್ಗಿದ. ಗುರುಸಂಗಪ್ಪನವರ ಅರ್ಧ ತೆರೆದ ಕಣ್ಣಿಗೆ ಕಂಡದ್ದು ಅಳಿಯನಲ್ಲ, ಪಾದಕ್ಕೆ ಕೈ ಹಾಕಲು ಬಗ್ಗಿದ ಎದುರಾಳಿ. ಹಳೆಯ ನೆತ್ತರು ಎಚ್ಚೆತ್ತಿತು. ಎಡಗಾಲೂರಿದರು. ಬಲಗಾಲು ಝಾಡಿಸಿದರು. ಜಿಗಿದರು. ಮನಸ್ಸೇನೋ ಗೆರೆ ಮುಟ್ಟಿತು, ದೇಹ ಮಾತ್ರ ಅಲ್ಲೇ ಉಳಿಯಿತು. ಎಡ ಮೊಣಕಾಲು ಮಡಚಿಕೊಂಡು, ಪೇಟ ಒಂದು ಕಡೆ, ಹಾರ ಒಂದು ಕಡೆ, ಮುಖ್ಯ ಅತಿಥಿಗಳು ಧೂಳೆಬ್ಬಿಸಿ ಅಂಗಾತ ಬಿದ್ದರು.

"ಮಾವಾರ! ನಾ ನಮಸ್ಕಾರ ಮಾಡಾಕ ಬಗ್ಗಿದ್ನಿರಿ!" ಎಂದ ಗವಿಸಿದ್ದೇಶ್, ಗಾಬರಿಯಿಂದ.

ಅದು ಗುರುಸಂಗಪ್ಪನವರಿಗೆ ಮಾತ್ರ ಕೇಳಿಸಿತು. ಜನರಿಗೆ ಕೇಳಿಸಿದ್ದು ಅವರವರದೇ ಕೂಗು.

"ಪಾದ ಹಿಡದು ಎಳದಾನಲೇ!"

"ಉದ್ಘಾಟನಿ ರೈಡಿನ್ಯಾಗ ಹಿರೇ ಮನುಷ್ಯಾನ್ನ ಕೆಡವ್ಯಾನ! ಮರ್ಯಾದಿ ಐತೇನ್ ತೆಲಿಗಿಯವರಿಗೆ?"

ತಂಬ್ರಹಳ್ಳಿಯವರು ಕುರ್ಚಿ ಎತ್ತಿದರು. ತೆಲಿಗಿಯವರಿಗೆ ಕುರ್ಚಿ ಉಳಿದಿರಲಿಲ್ಲವಾದ್ದರಿಂದ ಅವರು ಶಾಮಿಯಾನದ ಗಳ ಕಿತ್ತರು. ಜಮಾಲುದ್ದೀನ ಸೀಟಿ ಊದಿ ಊದಿ ಸುಸ್ತಾದ. ಬಂಗಾರಪ್ಪ ಮೈಕು ಹಿಡಿದು, ಪಂದ್ಯಾವಳಿಯನ್ನು ಮುಂದಿನ ಭಾನುವಾರಕ್ಕೆ ಹಾಕಿದ್ದೇವೆ, ಗವಿಸಿದ್ದೇಶನನ್ನು ಈ ಸೀಮೆಯ ಯಾವ ಅಂಕಣಕ್ಕೂ ಇಳಿಸುವುದಿಲ್ಲ ಎಂದು ಸಾರಿದ.

ಗುರುಸಂಗಪ್ಪನವರು ನಿಜ ಹೇಳಲು ಬಾಯಿ ತೆರೆದರು. ತೆರೆದದ್ದು ನಿಜ, ನಾನು ಅವರ ಪರವಾಗಿ ಸಾಕ್ಷಿ ಹೇಳುತ್ತೇನೆ. ಆದರೆ 'ಯಾರೂ ಹಿಡಿಯಲಿಲ್ಲ, ನಾನೇ ಬಿದ್ದೆ' ಎಂದು ಅಷ್ಟು ಜನರೆದುರು ಹೇಳುವುದು ಹೇಗೆ? ಅದರ ಮೇಲೆ ಇನ್ನೊಂದು ಸಂಗತಿ. ನೆಲ ತಂಪಾಗಿತ್ತು. ಹಗಲು ಹೊತ್ತಿನಲ್ಲಿ ಹೀಗೆ ಅಂಗಾತ ಮಲಗಿ ಎಷ್ಟು ಕಾಲವಾಗಿತ್ತು! ಯಾರೂ ಅವರನ್ನು ಮಾತಾಡಿ ಎನ್ನುತ್ತಿರಲಿಲ್ಲ, ಉಪ್ಪಿಟ್ಟು ತಿನ್ನಿ ಎನ್ನುತ್ತಿರಲಿಲ್ಲ. ಆ ಸುಖದಲ್ಲಿ ಅವರ ಬಾಯಿಂದ ಬಂದ ಮಾತು, "ಅಯ್ಯಯ್ಯೋ, ಮೊಣಕಾಲು..." ಅಷ್ಟೇ.

ಡಾಕ್ಟರು ಪಟ್ಟಿ ಸುತ್ತಿ, ನರ ಸ್ವಲ್ಪ ಹಿಡಿದಿದೆ, ವಾರವಿಡೀ ಮಲಗಿರಬೇಕು ಎಂದರು. ಇಷ್ಟು ಒಳ್ಳೆಯ ಡಾಕ್ಟರನ್ನು ಗುರುಸಂಗಪ್ಪನವರು ನೋಡಿಯೇ ಇರಲಿಲ್ಲ. ಮನೆಗೆ ಬಂದು ಮಂಚದ ಮೇಲೆ ಕಾಲು ಚಾಚಿ ಕಣ್ಣು ಮುಚ್ಚಿದರು. ಸುಮಲತಾ ಎಣ್ಣೆ ಬಟ್ಟಲು ಹಿಡಿದು ಬಂದು ಕೂತರು.

"ಖರೇ ಹೇಳ್ರಿ. ನಿಮ್ಮನ್ನ ಯಾರರ ಕೆಡವಿದ್ರೋ, ನೀವ ಬಿದ್ರೋ?"

"ಜನ ಎಲ್ಲಾ ಹೇಳಾಕತ್ಯಾರಲ್ಲ."

"ನಾ ಜನಕ್ಕ ಕೇಳ್ಲಿಲ್ಲ. ಮೊನ್ನಿ ಮಳಿ ಆದಾಗ ಅಂಗಳದ ನೀರು ದಾಟಾಕಂತ ಇದ ಬಲಗಾಲು ಎತ್ತಿ, ಇದ ಎಡಗಾಲು ಮಡಚಿ ಬಿದ್ರಲ್ಲ, ಅಲ್ಲೂ ಗವಿಸಿದ್ದೇಶ ಇದ್ನೇನು?"

ಗುರುಸಂಗಪ್ಪನವರು ಗೊರಕೆ ಹೊಡೆದರು. ಅದು ನಿಜವಾದ ಗೊರಕೆಯಲ್ಲವೆಂದು ಇಬ್ಬರಿಗೂ ಗೊತ್ತಿತ್ತು.

ಆ ಗೊರಕೆ ನಿಜವಾಗುವಷ್ಟರಲ್ಲಿ ಬಾಗಿಲು ಬಡಿಯಿತು. ನಮ್ಮ ಕಡೆ ಒಬ್ಬ ಮನುಷ್ಯ ನೆಟ್ಟಗಿದ್ದಾಗ ಅವನನ್ನು ಕೆಲಸವಿದ್ದವರು ಮಾತ್ರ ನೋಡಲು ಬರುತ್ತಾರೆ. ಹಾಸಿಗೆ ಹಿಡಿದನೆಂದರೆ ಎಲ್ಲರೂ ಬರುತ್ತಾರೆ. ಬ್ರೆಡ್ಡು, ಬಾಳೆಹಣ್ಣು, ಎಳನೀರು ಹಿಡಿದು ಜೀಪಿನಲ್ಲಿ, ಟಂಟಂನಲ್ಲಿ, ಟ್ರ್ಯಾಕ್ಟರಿನಲ್ಲಿ ಬಂದರು. ಬಂದವರೆಲ್ಲ ಎದ್ದು ಕೂರಬೇಡಿ ಎಂದರು, ಎದ್ದು ಕೂರುವತನಕ ಬಿಡಲಿಲ್ಲ. ಅವರು ಬಿದ್ದ ಕಥೆಯನ್ನು ಪ್ರತಿಯೊಬ್ಬರ ಬಾಯಿಂದಲೂ ಮೊದಲಿಂದ ಕೇಳಬೇಕು, ಆಮೇಲೆ ಪ್ರತಿಯೊಬ್ಬರ ಮೊಣಕಾಲಿನ ಕಥೆಯನ್ನು ಕೊನೆಯವರೆಗೆ ಕೇಳಬೇಕು. ಪಕ್ಕದ ಮನೆಯ ಈರಕ್ಕ ದಿನಾ ಬಂದು, ಕೇಳದೆ ಪಟ್ಟಿ ಬಿಚ್ಚಿ, ಕಾಲನ್ನು ಹಿಂಡಿ, "ಅಯ್ಯ, ಬಾವೇ ಇಲ್ಲಲ್ಲೋ ತಮ್ಮಾ! ಒಳಬಾವು ಇರಬೇಕು, ಅದು ಭಾಳ ಕೆಟ್ಟದ್ದು," ಎಂದು ಎಲ್ಲರನ್ನೂ ಹೆದರಿಸಿ ಹೋಗುತ್ತಿದ್ದಳು.

ಪೊಲೀಸ್ ಪೇದೆಯೊಬ್ಬರು ಬಂದು, "ಕೇಸ್ ಮಾಡೋಣೇನ್ರಿ? ಕಬಡ್ಡಿಗೆ ಯಾವ ಸೆಕ್ಷನ್ ಬರ್ತೈತಿ ಅಂತ ಸಾಹೇಬರು ನೋಡಾಕತ್ಯಾರ," ಎಂದರು. ಗುರುಸಂಗಪ್ಪನವರು ಬೇಡವೇ ಬೇಡ ಎಂದರು. ಪೇದೆ ಚಹಾ ಕುಡಿದು, ತಮ್ಮ ಮೊಣಕಾಲು ತೋರಿಸಿ ಹೋದರು.

ಇನ್ನು ಮೊಬೈಲ್ ವಿಡಿಯೋ. ಆ ದಿನ ಎಲ್ಲರೂ ವಿಡಿಯೋ ಹಿಡಿದಿದ್ದರು, ಎಲ್ಲರ ವಿಡಿಯೋದಲ್ಲೂ ಸರಿಯಾದ ಕ್ಷಣಕ್ಕೆ ಬಂಗಾರಪ್ಪ ಫೋಟೋಕ್ಕೆಂದು ಅಡ್ಡ ಬಂದಿದ್ದ. ಅವನ ಬೆನ್ನಿನ ಪಕ್ಕದಲ್ಲಿ ಕಂಡದ್ದು ಇಷ್ಟೇ, ಮೇಲೆ ಒಂದು ಕಾಲು, ಕೆಳಗೆ ಒಂದು ಕೈ, ನಡುವೆ ಧೂಳು. ಚಹಾದಂಗಡಿಗಳಲ್ಲಿ ಅದನ್ನು ನಿಧಾನ ಮಾಡಿ, ಇನ್ನೂ ನಿಧಾನ ಮಾಡಿ ನೋಡಿದರು. ನಿಧಾನ ಮಾಡಿದಷ್ಟೂ ಆ ಕೈ ಪಾದದ ಹತ್ತಿರ ಹೋಗುತ್ತಿತ್ತು. ಗವಿಸಿದ್ದೇಶ್ ಕಂಡಕಂಡವರ ಮುಂದೆ ನಮಸ್ಕಾರಕ್ಕೆಂದು ಬಗ್ಗಿದೆ ಎಂದ. "ಕಬಡ್ಡಿ ಅಂಕಣದಾಗ ನಮಸ್ಕಾರ ಮಾಡೋ ಮಗನ ಹುಟ್ಟಿಲ್ಲ ಬಿಡಪಾ," ಎಂದು ಜನ ನಕ್ಕರು.

ಮಂಗಳವಾರ ಓಬಳೇಶಪ್ಪ ಬಂದ. ಮಂಚದ ತುದಿಯಲ್ಲಿ ಕೂತು, ಪಟ್ಟಿ ಸುತ್ತಿದ ಕಾಲನ್ನು ನೋಡಿ ಕಣ್ಣೊರೆಸಿಕೊಂಡ.

"ಮಾವಾರ, ನಾ ಹೇಳಿಕಳಿಸೀನಿ. ಆ ಸಂಬಂಧ ಬ್ಯಾಡ ಅಂತ. ನಮ್ಮ ಅಕ್ಕನ ಗಂಡನ್ನ ಮಣ್ಣಿಗೆ ಕೆಡವಿದವನ ಮನಿಗೆ ನನ್ನ ಮಗಳ್ನ ಕೊಡಲ್ಲ."

ಗುರುಸಂಗಪ್ಪನವರು ಈ ಸಲ ಮಾತ್ರ ನಿಜವಾಗಿ ಎದ್ದು ಕೂತರು. "ಏ, ಅಂಥಾದ್ದೇನ್ ಆಗಿಲ್ಲೋ ಓಬಳೇಶ. ಹುಡುಗ ಛಲೋ ಅದಾನ. ಆಟ ಅಂದ್ರ ಇದೆಲ್ಲಾ..."

"ನೀವು ಸುಮ್ನಿರ್ರಿ. ನಿಮ್ಮದು ಮೆತ್ತನ ಮನಸು." ಓಬಳೇಶಪ್ಪ ಎದ್ದು ಹೋದ. ತಂದಿದ್ದ ಬಾಳೆಹಣ್ಣನ್ನು ಸಿಟ್ಟಿನಲ್ಲಿ ವಾಪಸ್ಸೇ ಒಯ್ದ.

ಮರುದಿನ ಬಂದದ್ದು ಸುಕನ್ಯಾ. ಅವಳು ಹಣ್ಣು ತರಲಿಲ್ಲ, ಮೊಣಕಾಲು ಹೇಗಿದೆ ಎಂದೂ ಕೇಳಲಿಲ್ಲ. ಬಂದಿದ್ದ ಮಂದಿಯನ್ನೆಲ್ಲ, "ಡಾಕ್ಟರು ಮಲಗಿಸಾಕ ಹೇಳ್ಯಾರ, ಹೊರಗ ನಡೀರಿ," ಎಂದು ಎಬ್ಬಿಸಿ ಬಾಗಿಲು ಹಾಕಿದಳು. ಆ ಮನೆಯಲ್ಲಿ ಅಷ್ಟು ದಿನ ಯಾರಿಗೂ ಹೊಳೆಯದ ಕೆಲಸ ಅದು.

"ಮಾವ, ಅವ್ರು ನಿಮ್ಮ ಪಾದ ಹಿಡದ್ರೇನ್ರಿ?"

ಗುರುಸಂಗಪ್ಪನವರು ಫ್ಯಾನು ನೋಡಿದರು. ಫ್ಯಾನು ಸುಮ್ಮನೆ ತಿರುಗುತ್ತಿತ್ತು.

"ಅವ್ರ ತಾಯಿ ದಿನಾ ಅಳಾಕತ್ಯಾರ, 'ನಾನ ಹೇಳಿದ್ದೆ ಕಾಲಿಗೆ ಬೀಳು ಅಂತ' ಅಂತ. ಅವ್ರು ಮನಿ ಬಿಟ್ಟು ಹೊರಗ ಬರವಲ್ರು. ಬಸ್ ಸ್ಟ್ಯಾಂಡಿಗೆ ಹೋದ್ರ ಮಂದಿ ಕಾಲು ಹಿಂದಕ್ಕ ಎಳಕೋತಾರಂತ. ಸೋಮವಾರ ನಿಶ್ಚಿತಾರ್ಥ ಇತ್ರಿ ಮಾವ. ಅತ್ತಿ ಕೊಡಿಸಿದ ಸೀರಿ ಹಂಗ ಐತಿ." ಅವಳು ಬಾಗಿಲ ತನಕ ಹೋಗಿ ತಿರುಗಿದಳು. "ನೀವು ಸುಳ್ಳು ಹೇಳಾಕತ್ತೀರಿ ಅಂತ ನಾ ಹೇಳಲ್ಲ. ನೀವು ಏನೂ ಹೇಳವಲ್ರಿ ಅಂತ ಹೇಳಾಕತ್ತೀನಿ."

ಅವಳು ಹೋದ ಮೇಲೆ ಗುರುಸಂಗಪ್ಪನವರಿಗೆ ನಾಚಿಕೆಯಾಯಿತು. ಎತ್ತಿ ಆಡಿಸಿದ ಹುಡುಗಿ. ತನ್ನ ಒಂದು ಜಿಗಿತದ ಜಂಬ ಉಳಿಸಲು, ನಾಲ್ಕು ದಿನ ಮಲಗುವ ಆಸೆಗೆ, ಅವಳ ಮದುವೆಯನ್ನೇ ಮುರಿದೆನಲ್ಲ ಎಂದು ಅವರಿಗೆ ಅಳುವೇ ಬಂತು. ಮಲಗಿದ್ದಾದರೂ ಎಲ್ಲಿ? ಕಣ್ಣು ಮುಚ್ಚಿದ ಕೂಡಲೇ ಯಾರದೋ ಮೊಣಕಾಲು ಬರುತ್ತಿತ್ತು.

ಕೂಡಲೇ ಓಬಳೇಶಪ್ಪನಿಗೆ ಫೋನ್ ಮಾಡಿದರು. "ಲೇ ಓಬಳೇಶ, ಕೇಳಿಲ್ಲಿ. ಅವ ನನ್ನ ಮುಟ್ಟೇ ಇಲ್ಲ. ನಾನ ಬಿದ್ದೆ. ನನ್ನ ಕಾಲು ಕೈಕೊಟ್ಟಿತು."

ಆ ಕಡೆ ಓಬಳೇಶಪ್ಪ ಬಿಕ್ಕಿದ. "ಮಾವಾರ, ನಿಮ್ಮಂಥಾ ದೇವರಂಥಾ ಮನುಷ್ಯಾ ಎಲ್ಲಿ ಸಿಗ್ತಾರ್ರಿ? ಕೆಡವಿದವನ್ನ ಉಳಸಾಕ ನಿಮ್ಮ ಹೆಸರಿಗೆ ನೀವ ಮಸಿ ಬಳಕೊಳ್ತೀರಲ್ಲ! ಇಂಥವರನ್ನ ಕೆಡವ್ಯಾನಲ್ಲ ಆ ಪಾಪಿ! ಇಷ್ಟು ದಿನ ಸಿಟ್ಟಿತ್ತು, ಈಗ ಅವನ ಮಾರಿ ನೋಡಬಾರದು ಅನ್ನಂಗ ಆಗೇತಿ."

ಬಂಗಾರಪ್ಪನಿಗೆ ಹೇಳಿದರು. ಬಂಗಾರಪ್ಪ ಮೈಮರೆತು ಕೇಳಿದ. ಮರುದಿನ ಬೆಳಗಾಗುವಷ್ಟರಲ್ಲಿ ಕೊಟ್ಟೂರು ಸರ್ಕಲ್ಲಿನಿಂದ ಉಜ್ಜಿನಿವರೆಗೆ ಫ್ಲೆಕ್ಸ್ ಬಿದ್ದವು: 'ಕೆಡವಿದವರನ್ನೂ ಕ್ಷಮಿಸಿದ ಕರುಣಾಮಯಿ ಗುರುಸಂಗಪ್ಪನವರು ಬೇಗ ಗುಣಮುಖರಾಗಲಿ.' ಅದರಲ್ಲಿ ಗುರುಸಂಗಪ್ಪನವರ ಫೋಟೋ ಅಂಗೈಯಷ್ಟು, ಬಂಗಾರಪ್ಪನದು ಆಳೆತ್ತರ. ಪೇದೆಗೆ ಹೇಳಿದರು, ಅವರು ಎದ್ದು ಸೆಲ್ಯೂಟ್ ಹೊಡೆದರು. ಈರಕ್ಕನಿಗೆ ಹೇಳಿದರು, ಅವಳು ದೃಷ್ಟಿ ತೆಗೆದಳು. ನಿಜ ಹೇಳಿದಷ್ಟೂ ಅವರು ದೊಡ್ಡವರಾದರು, ಹುಡುಗ ಇನ್ನಷ್ಟು ಪಾಪಿಯಾದ. ರಾಜಕೀಯಕ್ಕೆ ಬಂದಂದಿನಿಂದ ಅವರ ಮಾತನ್ನು ಜನ ಹೇಗೋ ನಂಬಿಕೊಂಡು ಬಂದಿದ್ದರು. ಒಂದೇ ಒಂದು ಸಲ ನಿಜ ಹೇಳಿದರೆ ಯಾರೂ ನಂಬಲಿಲ್ಲ.

ಶನಿವಾರ ಸಂಜೆ ಜಮಾಲುದ್ದೀನ ಬಂದ. ಮಂಚದ ಮೇಲಿದ್ದ ಹಣ್ಣಿನ ಗುಡ್ಡವನ್ನು ಸರಿಸಿ ಜಾಗ ಮಾಡಿಕೊಂಡು ಕೂತ.

"ಲೇ ಸಂಗ್ಯಾ, ನಾ ಅಲ್ಲೇ ನಿಂತಿದ್ದೆ. ಅವನ ಕೈ ನಿನ್ನ ಪಾದಕ್ಕ ಗೇಣು ದೂರ ಇತ್ತು. ದೋಸ್ತ ಅದೀ, ನಿನ್ನ ಬಾಯಿಂದನ ಬರ್ಲಿ ಅಂತ ಸುಮ್ನಿದ್ದೆ."

"ಬಾಯಿಂದ ಬಂತಲ್ಲೋ! ಯಾರೂ ನಂಬವಲ್ರು. ನೀನರ ಹೇಳು."

"ಹೇಳಿ ನೋಡೀನಿ. 'ಗೆಳೆಯಾಗ ತಕ್ಕ ಗೆಳೆಯಾ' ಅಂದು ನನಗೂ ಒಂದು ಹಾರ ಹಾಕಿದ್ರು."

ಒಲೆಯ ಹತ್ತಿರದಿಂದ ಸುಮಲತಾ ಹೇಳಿದರು: "ಜಮಾಲಣ್ಣಾರ, ಈ ಮಂದಿ ಕಿವೀಲೆ ಕೇಳಿದ್ದು ನಂಬಲ್ಲ, ಕಣ್ಣಿಲೆ ನೋಡಿದ್ದು ನಂಬ್ತಾರ. ಬಿದ್ದದ್ದನ್ನ ಇನ್ನೊಮ್ಮಿ ತೋರಿಸಲಿ."

ಗುರುಸಂಗಪ್ಪನವರು ಹೆಂಡತಿಯನ್ನು ನೋಡಿದರು. ಮೊಣಕಾಲನ್ನು ನೋಡಿಕೊಂಡರು. ಆಮೇಲೆ ಬಹಳ ದಣಿದ ದನಿಯಲ್ಲಿ, "ನಾಳಿ ಒಂದು ಬಿಳಿ ಅಂಗಿ ಇಸ್ತ್ರಿ ಮಾಡಿಡು," ಎಂದರು.

"ಬೀಳ್ತೀರಂತ ಖಾತ್ರಿ ಐತೇನು?"

"ನಾಟಕ ಮಾಡಿ ಬೀಳಲ್ಲ. ಖರೇನ ಜಿಗೀತೀನಿ. ಆಮ್ಯಾಲ ಕಾಲು ಏನ್ ಮಾಡ್ತೈತೋ ಮಾಡ್ಲಿ."

ಭಾನುವಾರ ಉಜ್ಜಿನಿ ಮೈದಾನ ತುಂಬಿ ತುಳುಕುತ್ತಿತ್ತು. ಕರುಣಾಮಯಿಯ ದರ್ಶನಕ್ಕೆಂದು ಕಬಡ್ಡಿ ಗೊತ್ತಿಲ್ಲದವರೂ ಬಂದಿದ್ದರು. ಬಂಗಾರಪ್ಪ ಹಾರ ಹಾಕಿದ, ಪೇಟ ಇಟ್ಟ, ಶಾಲು ಹೊದಿಸಿದ. ಗುರುಸಂಗಪ್ಪನವರು ಮೈಕು ಹಿಡಿದರು. ಭಾಷಣ ಮಾಡುವ ಚಟವನ್ನು ಆ ಹೊತ್ತಿಗೆ ಅದುಮಿಟ್ಟರು.

"ಅಣ್ಣಾರ, ಅಕ್ಕಾರ, ಹೋದ ವಾರ ನಾ ನನ್ನ ಪಾಡಿಗೆ ನಾ ಬಿದ್ದೆ. ನೀವು ನಂಬವಲ್ರಿ. ಅದಕ್ಕ ಇವತ್ತು ಅದ ರೈಡು ಇನ್ನೊಮ್ಮಿ ಮಾಡ್ತೀನಿ. ಗವಿಸಿದ್ದೇಶನ್ನ ಕರೀರಿ."

ಜಮಾಲುದ್ದೀನ ಹೇಳಿಕಳಿಸಿದ್ದರಿಂದ ಹುಡುಗನನ್ನು ತೆಲಿಗಿಯ ಗೆಳೆಯರು ಸುತ್ತುಗಟ್ಟಿ ಕರೆತಂದಿದ್ದರು. ಗಡ್ಡ ಬೆಳೆದಿತ್ತು, ಮುಖ ಬಾಡಿತ್ತು. "ಮಾವಾರ, ನಾ ಬಗ್ಗಲ್ರಿ. ಮತ್ತ ಬಗ್ಗಲ್ರಿ," ಎಂದ.

"ಬಗ್ಗಬ್ಯಾಡ. ನೆಟ್ಟಗ ನಿಲ್ಲು." ಗುರುಸಂಗಪ್ಪನವರು ಮೈಮೇಲಿನ ಸನ್ಮಾನದ ಶಾಲನ್ನು ತೆಗೆದು ಜಮಾಲುದ್ದೀನನ ಕೈಗೆ ಕೊಟ್ಟರು. "ಇದರಿಂದ ಇವನ ಎರಡೂ ಕೈ ಹಿಂದಕ್ಕ ಕಟ್ಟು. ಬಿಗಿಯಾಗಿ ಕಟ್ಟು, ಓಬಳೇಶ ಬಂದು ಗಂಟು ನೋಡ್ಲಿ."

ಓಬಳೇಶಪ್ಪ ಬಂದು ಗಂಟು ಜಗ್ಗಿ ನೋಡಿದ. ಬಂಗಾರಪ್ಪ ಫೋಟೋಕ್ಕೆಂದು ಅಂಕಣದ ಒಳಗೆ ನಿಂತಿದ್ದ. ಹೆಂಗಸರ ಸಾಲಿನಿಂದ ಸುಕನ್ಯಾ ಎದ್ದು ಬಂದು, "ಸ್ವಲ್ಪ ಸರೀರಿ ಅಣ್ಣಾರ, ನಿಮ್ಮ ಬೆನ್ನು ನೋಡಿ ನೋಡಿ ಸಾಕಾಗೇತಿ," ಎಂದು ಅವನನ್ನು ಬದಿಗೆ ಕಳಿಸಿ, ಅಲ್ಲೇ ನಿಂತಳು. ಮೊಬೈಲುಗಳು ಮೇಲೆದ್ದವು.

ಗುರುಸಂಗಪ್ಪನವರು ಗೆರೆಯ ಮೇಲೆ ನಿಂತರು. ಆಗ ಅವರಿಗೊಂದು ಭಯ ಹುಟ್ಟಿತು. ಒಂದು ವೇಳೆ ಇವತ್ತು ಬೀಳದಿದ್ದರೆ? ವಾರವಿಡೀ ಎಣ್ಣೆ ತಿಕ್ಕಿಸಿಕೊಂಡ ಕಾಲು. ಈ ಹಾಳು ಕಾಲು ಬೇಡದ ಹೊತ್ತಿನಲ್ಲಿ ಮಾತು ಕೇಳಿಬಿಟ್ಟರೆ ಹುಡುಗಿಯ ಬಾಳು ಹಾಳು. ಆದರೆ ಅದೇ ಹೊತ್ತಿಗೆ, ಮನಸ್ಸಿನ ಮೂಲೆಯಲ್ಲಿ ಇನ್ನೊಂದು ಆಸೆ: ಒಮ್ಮೆ, ಕೊನೆಯದಾಗಿ ಒಮ್ಮೆ, ಆ ಜಿಗಿತ ಕೈಗೂಡಿದರೆ ಎಷ್ಟು ಚಂದ. ಎರಡನ್ನೂ ಹೊತ್ತುಕೊಂಡು 'ಕಬಡ್ಡಿ ಕಬಡ್ಡಿ' ಎನ್ನುತ್ತ ಒಳಗೆ ಹೋದರು.

ಗವಿಸಿದ್ದೇಶ್ ಕೈ ಕಟ್ಟಿಸಿಕೊಂಡು ಕಂಬದ ಹಾಗೆ ನಿಂತಿದ್ದ. ಉಸಿರೂ ಬಿಡುತ್ತಿರಲಿಲ್ಲ. ಗುರುಸಂಗಪ್ಪನವರು ಅವನನ್ನು ಒಂದು ಸುತ್ತು ಹಾಕಿದರು. ಎಡಗಾಲೂರಿದರು. ಬಲಗಾಲು ಝಾಡಿಸಿದರು. ಮೋಸವಿಲ್ಲದೆ, ಇದ್ದ ಶಕ್ತಿಯನ್ನೆಲ್ಲ ಹಾಕಿ, ಇಪ್ಪತ್ತೈದರ ಹುಡುಗನ ಹಾಗೆ ಜಿಗಿದರು. ಅರೆಗಳಿಗೆ ಹಾರಿಯೇಬಿಟ್ಟೆ ಎನಿಸಿತು ಅವರಿಗೆ. ಆಮೇಲೆ ಎಡ ಮೊಣಕಾಲು ಮಡಚಿಕೊಂಡಿತು. ಪೇಟ ಒಂದು ಕಡೆ, ಹಾರ ಒಂದು ಕಡೆ, ಹೋದ ವಾರ ಬಿದ್ದ ಜಾಗದಲ್ಲೇ ಅಂಗಾತ ಬಿದ್ದರು.

ಯಾರು ಏನು ಮಾಡಬೇಕೆಂದು ಯಾರಿಗೂ ತಿಳಿಯಲಿಲ್ಲ. ಚಪ್ಪಾಳೆ ತಟ್ಟುವಂತಿಲ್ಲ, ಕುರ್ಚಿ ಎತ್ತುವಂತಿಲ್ಲ. ಗವಿಸಿದ್ದೇಶ್ ಎಬ್ಬಿಸಲೆಂದು ಒಂದು ಹೆಜ್ಜೆ ಮುಂದಿಟ್ಟ. "ಮುಟ್ಟಬ್ಯಾಡಲೇ!" ಎಂದು ತೆಲಿಗಿ ತಂಡದವರೆಲ್ಲ ಒಟ್ಟಿಗೆ ಕಿರುಚಿದರು. ಅವನು ಇಟ್ಟ ಹೆಜ್ಜೆಯನ್ನು ಹಿಂದಕ್ಕೆ ತೆಗೆದ.

ಜಮಾಲುದ್ದೀನ ನಿಧಾನವಾಗಿ ಬಂದು, ಬಗ್ಗಿ ನೋಡಿ, ಉದ್ದಕ್ಕೆ ಸೀಟಿ ಊದಿ ಕೈಯೆತ್ತಿದ. "ಮುಖ್ಯ ಅತಿಥಿಗಳು ಔಟ್!"

ಮೊದಲು ನಕ್ಕವಳು ಈರಕ್ಕ. ಆಮೇಲೆ ಇಡೀ ಮೈದಾನ ನಕ್ಕಿತು. ಹೆಂಗಸರು ಸೆರಗು ಬಾಯಿಗೆ ಒತ್ತಿ ನಕ್ಕರು, ಮುದುಕರು ಕೆಮ್ಮಿ ಕೆಮ್ಮಿ ನಕ್ಕರು. ಸುಮಲತಾ ಹೊಟ್ಟೆ ಹಿಡಿದು ಕೂತುಬಿಟ್ಟರು. ಕೆಳಗೆ ಬಿದ್ದಲ್ಲೇ ಗುರುಸಂಗಪ್ಪನವರಿಗೂ ನಗು ಬಂತು. ಜಂಬ ಹೋದದ್ದಕ್ಕೆ ಎದೆಯಲ್ಲಿ ಒಂದು ಚಳುಕು ಇತ್ತು, ಇಲ್ಲವೆಂದರೆ ಸುಳ್ಳಾದೀತು. ಆದರೆ ವಾರದಿಂದ ಕೂತಿದ್ದ ಭಾರ ಎದ್ದು ಹೋಗಿತ್ತು.

ಓಬಳೇಶಪ್ಪ ತಲೆ ತಗ್ಗಿಸಿಕೊಂಡು ಅಂಕಣದೊಳಗೆ ಬಂದ. ಶಾಲಿನ ಗಂಟು ಬಿಚ್ಚತೊಡಗಿದ. ಬಿಗಿಯಾಗಿ ಬಿದ್ದಿದ್ದ ಗಂಟು, ಬಹಳ ಹೊತ್ತು ಹಿಡಿಯಿತು. "ತಪ್ಪಾತಪಾ. ನಾಳಿ ಮುಂಜಾನೆ ನಿಮ್ಮ ತಾಯಿನ್ನ ಕರಕೊಂಡು ಬಾ. ಎಲ್ಲಾ ಮಾತಾದಂಗ ಮಾಡೋಣ," ಎಂದ. ಕೈ ಬಿಡುಗಡೆಯಾದದ್ದೇ ತಡ, ಗವಿಸಿದ್ದೇಶ್ ಮಾವನವರ ಪಾದದತ್ತ ಬಗ್ಗಿದ.

"ಬಗ್ಗಬ್ಯಾಡೋ ನಮ್ಮಪ್ಪಾ!" ಎಂದು ಗುರುಸಂಗಪ್ಪನವರು ಮಲಗಿದಲ್ಲೇ ಕಾಲು ಮಡಚಿಕೊಂಡರು. "ಅಲ್ಲೇ ನಿಂತು ಕೈ ಮುಗಿ, ಸಾಕು." ಸುಕನ್ಯಾ ಗೆರೆಯಾಚೆ ನಿಂತು ಅಳುತ್ತ ನಗುತ್ತಿದ್ದಳು.

ಆ ಮೇಲಿನ ದಿನಗಳನ್ನು ಏನೆಂದು ಹೇಳಲಿ! ಫ್ಲೆಕ್ಸ್‌ಗಳನ್ನು ಬಂಗಾರಪ್ಪನೇ ನಿಂತು ಇಳಿಸಿದ. ಬಿದ್ದ ಮುಖ್ಯ ಅತಿಥಿಯನ್ನು ಯಾರು ಕರೆಯುತ್ತಾರೆ? ಗುದ್ದಲಿ ಪೂಜೆಗೆ ಬೇರೆಯವರು ಸಿಕ್ಕರು, ಎಮ್ಮೆಗಳು ತಾವಾಗಿಯೇ ಮನೆಗೆ ಬಂದವು. ಗುರುಸಂಗಪ್ಪನವರು ಬೆಳಿಗ್ಗೆ ಉಳ್ಳಾಗಡ್ಡಿಗೆ ನೀರು ತಿರುವಿ, ಮಧ್ಯಾಹ್ನ ರೊಟ್ಟಿ ಉಂಡು, ಬೇವಿನ ಮರದ ಕೆಳಗೆ ಕಂಬಳಿ ಹಾಸಿ ಮಲಗಿದರು. ನಿಶ್ಚಿತಾರ್ಥಕ್ಕೆ ಹೋಗಿ ಉಂಡು ಬಂದು ಮಲಗಿದರು. ಯಾರೂ ಎಬ್ಬಿಸಲಿಲ್ಲ. ಕೆಲವು ದಿನ ಅದು ಸ್ವರ್ಗವೇ ಆಗಿತ್ತು. ಆಮೇಲೆ ಆಗೀಗ ಒಂದು ಕಣ್ಣು ತೆರೆದು ಪಕ್ಕದಲ್ಲಿದ್ದ ಫೋನು ನೋಡುವುದು ಶುರುವಾಯಿತು. ಒಮ್ಮೆ ಅದನ್ನೆತ್ತಿ, ಕೆಟ್ಟಿದೆಯೋ ಏನೋ ಎಂದು ಅಲ್ಲಾಡಿಸಿಯೂ ನೋಡಿದರು.

"ಕೆಟ್ಟಿಲ್ರಿ," ಎಂದರು ಬುತ್ತಿ ತಂದ ಸುಮಲತಾ. "ಮಕ್ಕೋರಿ ಸುಮ್ನ."

ಅಷ್ಟರಲ್ಲಿ ಅದು ಹೊಡೆದುಕೊಂಡಿತು. ಹರಪನಹಳ್ಳಿ ಕಡೆಯ ಯಾವುದೋ ಹಳ್ಳಿಯ ಯುವಕ ಸಂಘದವರು. ದನಿಯಲ್ಲಿ ಬಹಳ ಸಂಕೋಚವಿತ್ತು.

"ಸಾಹೇಬ್ರ, ನಮ್ಮೂರಾಗ ಕಬಡ್ಡಿ ಇಟ್ಟೀವ್ರಿ. ಉದ್ಘಾಟನಿಗೆ ಬ್ಯಾರೆಯವರನ್ನ ಕರದೀವಿ, ನಿಮಗ ಅದರ ತ್ರಾಸು ಕೊಡಲ್ರಿ. ಭಾಷಣನೂ ಬ್ಯಾಡ್ರಿ. ನೀವು ಸುಮ್ನ ಬಂದು ಒಮ್ಮಿ ಬಿದ್ದು ಹೋದ್ರ ಸಾಕ್ರಿ. ವಿಡಿಯೋ ನೋಡಿ ಮಂದಿ ಭಾಳ ಆಸಿ ಪಡಾಕತ್ಯಾರ."

ಗುರುಸಂಗಪ್ಪನವರು ಬಹಳ ಹೊತ್ತು ಬೇವಿನ ನೆರಳನ್ನು ನೋಡಿದರು. ಕಂಬಳಿಯನ್ನು ನೋಡಿದರು. ಸುಮಲತಾ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದರು. ಅವರ ಕಡೆ ನೋಡುವ ಧೈರ್ಯ ಸಾಲದೆ, ಗುರುಸಂಗಪ್ಪನವರು ಆ ಕಡೆ ಮಗ್ಗುಲಾಗಿ, ಫೋನಿಗೆ ಕೈ ಅಡ್ಡ ಹಿಡಿದು, ಮೆಲ್ಲಗೆ ಕೇಳಿದರು:

"ಅಂಕಣಕ್ಕ ಮೆತ್ತನ ಮಣ್ಣು ಹಾಕಿಸೀರೋ, ಇಲ್ಲೋ?"